ಕೈಯಲ್ಲಿ ಹಿಡಿದ ಬೂಟು

ಹಳೆಯ ದಾಖಲೆ ಪುಸ್ತಕಗಳ ಮೂರನೆಯ ಕಟ್ಟನ್ನು ಬೀರುವಿನಿಂದ ಎಳೆದಾಗ ಧೂಳೆಲ್ಲ ಮಗಳ ಮುಖದ ಮೇಲೇ ಸುರಿಯಿತು. ಸೀನುತ್ತಲೇ ದಾರ ಬಿಚ್ಚಿದಳು. ಅಮ್ಮ ಓದಿದ ಶಾಲೆಯ ಆಟದ ಕೋಣೆಯ ತುಂಬ ಗಾಳಿ ಹೋದ ಚೆಂಡುಗಳು, ಸುಣ್ಣದ ಡಬ್ಬಗಳು. ಜವಾನ ಬಾಗಿಲಲ್ಲೇ ನಿಂತಿದ್ದ.

"ತಾಯಿಯವರನ್ನ ಎಷ್ಟೊತ್ತಿಗೆ ತಗೊಂಡು ಹೋಗೋದಮ್ಮ?"

"ಮೂರಕ್ಕೆ."

"ಈಗಲೇ ಹನ್ನೆರಡಾಯ್ತು. ನಾಳೆ ಬಂದು ನೋಡಬಾರದಾ? ಈ ಪುಸ್ತಕಗಳೇನು ಎದ್ದು ಓಡಿಹೋಗ್ತವಾ?"

"ಇವತ್ತೇ ಬೇಕು," ಎಂದಳು.

ಕಾರಣ ಇಷ್ಟೇ. ಅಮ್ಮ ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಒಗೆದು ಮಡಚಿದವಳು. ಸ್ಮಶಾನದಲ್ಲಿ ಅವಳ ಬಗ್ಗೆ ಓದಲು ನಾಲ್ಕು ಸಾಲು ಕೊಡಿ ಎಂದು ಅಲ್ಲಿನವರು ಕೇಳಿದ್ದರು. ಬೆಳಿಗ್ಗೆ ತಮ್ಮ ಬರೆಯುತ್ತ ಕೂತಿದ್ದ. 'ಶಾಲೆಯಲ್ಲಿ ಓಟದಲ್ಲಿ ಮೊದಲ ಬಹುಮಾನ ಪಡೆದಿದ್ದರು' ಎಂಬ ಸಾಲಿಗೆ ಬಂದಾಗ ದೊಡ್ಡಮ್ಮ ತಡೆದರು. ದೊಡ್ಡಮ್ಮ ಅಮ್ಮನ ಒಡಹುಟ್ಟಿದ ಅಕ್ಕ, ಶಾಲೆಯೊಂದರಲ್ಲಿ ಆಟ ಕಲಿಸಿ ನಿವೃತ್ತರಾದವರು.

"ಅದೊಂದು ಹೊಡೆದುಹಾಕಪ್ಪ. ಬಹುಮಾನ ಬಂದಿದ್ದು ನನಗೆ. ಹೋದವಳ ಮೇಲೆ ಸುಳ್ಳು ಬೇಡ."

ತಮ್ಮ ಹೊಡೆದುಹಾಕಿದ. ಮಗಳಿಗೆ ಮಾತ್ರ ಅಲ್ಲಿ ಕೂರಲು ಆಗಲಿಲ್ಲ, ಎದ್ದು ನೇರ ಶಾಲೆಗೆ ಬಂದಳು.

*

ಹೋದ ತಿಂಗಳು ಅಮ್ಮ ಆಸ್ಪತ್ರೆಯ ಮಂಚದ ಮೇಲಿದ್ದಳು. ತಾನೇ ಎಷ್ಟೋ ಸಲ ಮಡಚಿರಬಹುದಾದ ಬೆಡ್‌ಶೀಟಿನ ಅಂಚನ್ನು ಬೆರಳಲ್ಲಿ ನೀವುತ್ತಿದ್ದಳು. ಮೊಮ್ಮಗಳು ಕೇಳಿದಳು:

"ಅಜ್ಜಿ, ನಿಂಗೆ ಓಡೋಕೆ ಬರ್ತಿತ್ತಾ?"

"ಬರ್ತಿತ್ತಾ ಅಂದ್ರೆ! ನಾನೂರು ಮೀಟರು. ಬೂಟು ನನ್ನ ಕಾಲಿಗೆ ದೊಡ್ಡದು, ಅರ್ಧ ದಾರೀಲೇ ಕಳಚ್ಕೊಂತು. ಎರಡನ್ನೂ ಕೈಲಿ ಹಿಡ್ಕೊಂಡೇ ಓಡಿದೆ. ಮೊದಲು ಬಂದೆ."

"ಬಿಟ್ಟು ಓಡಬೇಕಿತ್ತು!"

"ಬಿಟ್ರೆ ಯಾರಾದ್ರೂ ಎತ್ಕೊಂಡು ಹೋಗಿದ್ರೆ? ಮನೇಲಿದ್ದಿದ್ದೇ ಅದೊಂದು ಜೊತೆ."

ಮನೆಯವರಿಗೆಲ್ಲ ಬಾಯಿಪಾಠವಾಗಿದ್ದ ಕತೆ. ಇದೇ ಕತೆಯಿಂದ ಅಮ್ಮನಿಗೆ 'ಬೂಟುರಾಣಿ' ಎಂದು ಹೆಸರು ಬಿದ್ದಿತ್ತು. ಅವಳು ಬಸ್ಸಿಗೆ ಓಡಿದರೆ "ಚಪ್ಪಲಿ ಕೈಗೆ ತಗೋ, ಬೇಗ ಹೋಗ್ತೀಯ" ಎಂದು ಹಿಂದಿನಿಂದ ಎಲ್ಲರೂ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಆದರೆ ಆ ದಿನ ಮಗಳಿಗೆ ನಿದ್ದೆಯಿರಲಿಲ್ಲ, ತಲೆ ಸಿಡಿಯುತ್ತಿತ್ತು.

"ಸಾಕು ಬಿಡಮ್ಮ. ಮಗೂಗೂ ಸುಳ್ಳು ಹೇಳ್ಬೇಕಾ?" ಎಂದುಬಿಟ್ಟಳು.

ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಆ ಕತೆ ಎತ್ತಲಿಲ್ಲ. ಇನ್ನು ಎತ್ತುವುದೂ ಇಲ್ಲ.

*

ಪುಟ ಸಿಕ್ಕಿತು. ನಾನೂರು ಮೀಟರು, ಹುಡುಗಿಯರು. ಪ್ರಥಮ: ದೊಡ್ಡಮ್ಮನ ಹೆಸರು. ಎರಡನೆಯವಳು ಯಾರೋ, ಮೂರನೆಯವಳು ಇನ್ಯಾರೋ. ಬರೀ ಓಡಿದವರ ಪಟ್ಟಿಯಲ್ಲೂ ಅಮ್ಮ ಇರಲಿಲ್ಲ. ಮಗಳು ಪುಸ್ತಕ ಮುಚ್ಚಿ ನೆಲದ ಮೇಲೇ ಕೂತಳು. ಅಮ್ಮ ಸುಳ್ಳು ಹೇಳಿದ್ದರೆ ತನ್ನ ತಪ್ಪು ಕಡಿಮೆಯಾಗಬೇಕಿತ್ತು. ಆಗಲಿಲ್ಲ.

ಜವಾನನಿಗೆ ಅಯ್ಯೋ ಅನಿಸಿರಬೇಕು. "ಫೋಟೋಗಳು ಬೇರೆ ಲಕೋಟೇಲಿರ್ತವೆ, ತಾಳಿ," ಎಂದು ತಾನೇ ಕೈ ಹಾಕಿದ.

ಫೋಟೋದಲ್ಲಿ ಒಬ್ಬಳು ಹುಡುಗಿ ಎದೆಯಿಂದ ರಿಬ್ಬನ್ನು ತಳ್ಳಿಕೊಂಡು ಬರುತ್ತಿದ್ದಳು. ಮುಖ ಮಸುಕು. ಬರಿಗಾಲು. ಎರಡೂ ಕೈಯಲ್ಲಿ ಒಂದೊಂದು ಬೂಟು.

ಕೆಳಗೆ ಬರೆದಿದ್ದುದು ದೊಡ್ಡಮ್ಮನ ಹೆಸರೇ.

*

ಮನೆಯಲ್ಲಿ ದೊಡ್ಡಮ್ಮ ತಂಗಿಯ ತಲೆಯ ಹತ್ತಿರ ಕೂತಿದ್ದರು. ಮಗಳು ಅವರನ್ನು ಅಡುಗೆಮನೆಗೆ ಕರೆದು ಫೋಟೋ ಕೈಗಿಟ್ಟಳು.

"ಈ ಬೂಟು ಯಾರದು ದೊಡ್ಡಮ್ಮ?"

"ನಂದು."

"ನಿಮ್ಮ ಬೂಟು ನಿಮ್ಮ ಕಾಲಿಗೇ ದೊಡ್ಡದಾಯ್ತಾ?"

ದೊಡ್ಡಮ್ಮ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹಿಟ್ಟಿನ ಡಬ್ಬದ ಮೇಲೆ ಮೆಲ್ಲಗೆ ಕೂತರು.

"ಅವತ್ತು ನಂಗೆ ಮೈ ಸುಡೋ ಜ್ವರ. ಪಟ್ಟೀಲಿ ನನ್ನ ಹೆಸರು ಆಗಲೇ ಸೇರಿಬಿಟ್ಟಿತ್ತು. ಆಟದ ಮೇಡಂ ನನ್ನ ನಂಬರನ್ನ ಇವಳ ಬೆನ್ನಿಗೆ ಕಟ್ಟಿ ಓಡಿಸಿದ್ರು. ಆ ಸರ್ಟಿಫಿಕೇಟ್ ತೋರಿಸಿಯೇ ನಂಗೆ ಕೆಲಸ ಸಿಕ್ಕಿದ್ದು. ನಿಜ ಆಚೆ ಬಂದ್ರೆ ನನ್ನ ಕೆಲಸ ಹೋಗುತ್ತೆ ಅಂತ ಇವಳು ಹೊರಗಿನವರ ಮುಂದೆ ಯಾವತ್ತೂ ಬಾಯಿ ಬಿಡಲಿಲ್ಲ, ಪಾಪ. ಮನೆಯವರ ಮುಂದೆ ಮಾತ್ರ ಹೇಳ್ಕೊಳ್ತಿದ್ಲು. ನೀವೆಲ್ಲ ನಗ್ತಿದ್ರಿ."

ಫೋಟೋ ಮಗುಚಿ ಮಡಿಲಲ್ಲಿಟ್ಟು ಹೇಳಿದರು: "ನಿಮ್ಮ ಜೊತೆ ನಾನೂ ನಗ್ತಿದ್ದೆ."

"ನಾನು ಅವಳನ್ನ ಸುಳ್ಳಿ ಅಂದೆ ದೊಡ್ಡಮ್ಮ. ಮಲಗಿದ್ದಾಗ ಅಂದೆ."

ಬೆಳಗಿನಿಂದ ತಡೆದಿದ್ದ ಅಳು ಆಗ ಹೊರಗೆ ಬಂತು. ಸಮಾಧಾನ ಹೇಳುವ ಮುಖ ದೊಡ್ಡಮ್ಮನಿಗೂ ಇರಲಿಲ್ಲ. ಎದ್ದು ಹೊರಗೆ ಹೋಗಿ, ತಮ್ಮನ ಕೈಲಿದ್ದ ಹಾಳೆ ತೋರಿಸಿ, "ಹೊಡೆದುಹಾಕಿದ ಸಾಲು ಮತ್ತೆ ಬರಿ," ಎಂದರು.

"ನೀವೇ ಅಲ್ವಾ ದೊಡ್ಡಮ್ಮ ಬೇಡ ಅಂದಿದ್ದು?"

"ನಾನೇ. ಈಗ ದೊಡ್ಡದಾಗಿ ಬರಿ. ಎಲ್ಲರಿಗೂ ಕೇಳೋ ಹಾಗೆ ಓದಲಿ."

ಮೂರಕ್ಕೆ ವ್ಯಾನು ಹೊರಟಿತು. ಬೀದಿಯ ಕೊನೆಯವರೆಗೆ ಎಲ್ಲರೂ ಹಿಂದೆ ನಡೆಯುವುದೆಂದು ಮಾತಾಗಿತ್ತು. ಮೆಟ್ಟಿಲಿಳಿದ ದೊಡ್ಡಮ್ಮ ಬಗ್ಗಿ, ಆಟ ಕಲಿಸುವ ಕಾಲದಿಂದ ರೂಢಿಯಾಗಿದ್ದ ಬೂಟುಗಳನ್ನು ಒಂದೊಂದಾಗಿ ಬಿಚ್ಚಿ ಕೈಗೆ ತೆಗೆದುಕೊಂಡರು.

"ಮೇಡಂ, ರಸ್ತೆ ಕಾದಿದೆ. ಹಾಕ್ಕೊಳ್ಳಿ," ಎಂದರು ಲಾಂಡ್ರಿಯ ಮೇಸ್ತ್ರಿ.

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ತಿರುವಿನಲ್ಲಿ ವ್ಯಾನು ಸ್ವಲ್ಪ ಮುಂದಾಯಿತು. ದೊಡ್ಡಮ್ಮ ಎರಡೂ ಕೈಯಲ್ಲಿ ಒಂದೊಂದು ಬೂಟು ಹಿಡಿದುಕೊಂಡು, ಅದರ ಹಿಂದೆ ನಾಲ್ಕು ಹೆಜ್ಜೆ ಓಡಿದರು.