ಇಪ್ಪತ್ಮೂರು ಹೆಸರಿನ ರೆಸ್ಯೂಮೆ

ರೆಸ್ಯೂಮೆಯ ಕೊನೆಯಲ್ಲಿ ಎರಡೇ ಹೆಸರು ಸಾಕು ಎಂದು ಅಕ್ಷತಾ ಮೊದಲೇ ಹೇಳಿದ್ದಳು. ನಾನು ಕೇಳಲಿಲ್ಲ.

ಅವಳು ನನ್ನ ಅಕ್ಕನ ಮಗಳು. ನರ್ಸಿಂಗ್ ಮುಗಿಸಿ ಹಳೇಬೀಡಿನ ಒಂದು ಕ್ಲಿನಿಕ್ಕಿನಲ್ಲಿ ಎರಡು ವರ್ಷ ದುಡಿದಳು. ಡಾಕ್ಟರು ಕ್ಲಿನಿಕ್ ಮುಚ್ಚಿ ಮೈಸೂರಿಗೆ ಹೋದ ಮೇಲೆ ಐದು ತಿಂಗಳು ಮನೆಯಲ್ಲೇ ಕೂತಳು. ಈಗ ಅರಸೀಕೆರೆಯ ಒಂದು ಖಾಸಗಿ ಆಸ್ಪತ್ರೆ ಅರ್ಜಿ ಕರೆದಿತ್ತು. ಇರುವುದು ಒಂದೇ ಜಾಗ. ಇದೂ ತಪ್ಪಿದರೆ ಬೇಲೂರಿನ ಸೀರೆ ಅಂಗಡಿಗೆ ಕಳಿಸುತ್ತೇನೆ ಎಂದು ಅಕ್ಕ ಹೇಳಿಬಿಟ್ಟಿದ್ದಳು.

ನನ್ನದು ಅದೇ ಹಳೇಬೀಡಿನಲ್ಲಿ ಪ್ರಿಂಟಿಂಗ್ ಪ್ರೆಸ್. ಇಪ್ಪತ್ತಾರು ವರ್ಷದಿಂದ ಲಗ್ನಪತ್ರಿಕೆ ಮಾಡುತ್ತಿದ್ದೇನೆ. ಅವಳು ಬರೆದು ತಂದ ಹಾಳೆ ಚೊಕ್ಕವಾಗಿತ್ತು. ನೋಂದಣಿ ಸಂಖ್ಯೆ, ಓದು, ದಿನಕ್ಕೆ ಅರವತ್ತು ರೋಗಿಗಳು, ಡ್ರಿಪ್, ಡ್ರೆಸ್ಸಿಂಗ್, ಇಸಿಜಿ. ಕೆಳಗೆ ತನ್ನ ಬಗ್ಗೆ ವಿಚಾರಿಸಬಹುದಾದವರು ಎಂದು ಹಳೆಯ ಡಾಕ್ಟರು ಮತ್ತು ಕಾಲೇಜಿನ ಮೇಡಂ ಹೆಸರು.

"ಇಷ್ಟೊಂದು ಜಾಗ ಖಾಲಿ ಐತಲ್ಲೇ. ದಿಕ್ಕಿಲ್ದೋರ ಮದುವೆ ಕಾರ್ಡ್ ಥರ ಕಾಣ್ತದೆ."

"ಮಾವ, ಇದು ಮದುವೆ ಕಾರ್ಡಲ್ಲ. ಉದ್ದ ಆದ್ರೆ ಯಾರೂ ಓದಲ್ಲ."

ಅಷ್ಟರಲ್ಲಿ, ಮಗಳ ಲಗ್ನಪತ್ರಿಕೆ ನೋಡಲು ಬಂದಿದ್ದ ಪುಟ್ಟಸ್ವಾಮಿ ಕಂಪ್ಯೂಟರಿಗೆ ಮೂಗು ತೂರಿಸಿದ. "ಎರಡು ತಿಂಗಳು ನನ್ ಕಾಲು ಹುಣ್ಣು ತೊಳೆದೋಳು ಇವಳೇ. ನನ್ನೆಸ್ರು ಎಲ್ಲಿ?"

ಲಗ್ನಪತ್ರಿಕೆಯಲ್ಲಿ ಒಂದು ಹೆಸರು ಬಿಟ್ಟಿದ್ದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಹಾಕಿದೆ. ಸುದ್ದಿ ಕೇಳಿ, ಅದೇ ಕ್ಲಿನಿಕ್ಕಿಗೆ ಬರುತ್ತಿದ್ದ ವಿಶಾಲಮ್ಮ ಓಡಿ ಬಂದಳು.

"ಪುಟ್ಟಸ್ವಾಮಿ ಕೆಳಗೆ ನನ್ನ ಹಾಕ್ತೀಯೇನೋ? ನಂದು ಹದಿನೈದು ವರ್ಷದ ಶುಗರ್ರು. ಅವನ್ದು ಮೊನ್ನೆ ಮೊನ್ನೆಯ ಹುಣ್ಣು!"

ಕಾಯಿಲೆಯ ಹಿರಿತನ ನೋಡಿ ಸಾಲು ಮಾಡಿದೆ. ಸಂಜೆಯ ಹೊತ್ತಿಗೆ ಇಪ್ಪತ್ಮೂರು ಹೆಸರು, ಪಕ್ಕದಲ್ಲಿ ಕಾಯಿಲೆ, ಫೋನ್ ನಂಬರು.

"ರೋಗಿಗಳ ಕಾಯಿಲೆ ಹೊರಗೆ ಹೇಳಬಾರದು ಮಾವ!" ಅಕ್ಷತಾ ಅಳುವುದೊಂದು ಬಾಕಿ.

"ಅವರೇ ಸಾಲು ನಿಂತು ಹೇಳ್ತಾವ್ರೆ ಕಣೇ, ನಾನೇನು ಮಾಡ್ಲಿ?"

ಅವಳು ಹಾಳೆ ಹರಿದು ಹಾಕಿದಳು. ನಾನು ಆಗಲೇ ಆಸ್ಪತ್ರೆಗೆ ಮೇಲ್ ಮಾಡಿಯಾಗಿತ್ತು.

ಸಂದರ್ಶನಕ್ಕೆ ಕರೆ ಬಂತು. ಆದರೆ ಲಗ್ನಪತ್ರಿಕೆಯಲ್ಲಿ ಹೆಸರಿದ್ದವರು ಕಾರ್ಯದ ದಿನ ಬಾಗಿಲಲ್ಲಿ ನಿಲ್ಲಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಪುಟ್ಟಸ್ವಾಮಿ ಎರಡು ಟೆಂಪೋ ಮಾಡಿದ. ಮೇಲೇಳಲಾಗದ ಒಬ್ಬ ಅಜ್ಜಿ ತನ್ನ ಬದಲು ಸೊಸೆಯನ್ನು ಕಳಿಸಿದ್ದಳು. ಅಕ್ಷತಾ ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ.

ಅರಸೀಕೆರೆಯಲ್ಲಿ ಇಳಿದವರೇ ಆಸ್ಪತ್ರೆಯ ಬಾಗಿಲಿನ ಎರಡೂ ಕಡೆ ನಿಂತು, ಬಂದವರಿಗೆಲ್ಲ ಕೈಮುಗಿಯತೊಡಗಿದರು. ಸ್ಟ್ರೆಚರಿನಲ್ಲಿ ಬಂದವನಿಗೂ ಪುಟ್ಟಸ್ವಾಮಿ, "ಬನ್ನಿ ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದ.

ಮೇಟ್ರನ್ ಕೈಯಲ್ಲಿ ರೆಸ್ಯೂಮೆ ಹಿಡಿದು ಹೊರಗೆ ಬಂದರು. "ಯಾರ್ರೀ ನೀವೆಲ್ಲ?"

"ನಾನು ಮೂರನೇ ಹೆಸರು, ಶುಗರ್ರು" ಎಂದಳು ವಿಶಾಲಮ್ಮ.

"ಇದನ್ನ ಬರೆದೋರು ಯಾರು?"

"ಮೇಲಿನ ಅರ್ಧ ಪುಟ ನಾನು ಮೇಡಂ" ಎಂದಳು ಅಕ್ಷತಾ. "ಉಳಿದಿದ್ದು ನಮ್ಮ ಮಾವ."

ನನಗೆ ರೇಗಿತು. "ಒಂದಕ್ಷರ ಸುಳ್ಳಿದ್ರೆ ತೋರಿಸ್ರೀ!"

"ಮೊದಲು ಎಲ್ಲರನ್ನೂ ಕರ್ಕೊಂಡು ಹೊರಡಿ. ಸಂದರ್ಶನವೂ ಬೇಡ, ಏನೂ ಬೇಡ."

ಅಕ್ಷತಾ ತಿರುಗಿದಳು. ತಿರುಗಿದವಳು ಹಾಗೇ ನಿಂತಳು. ವಿಶಾಲಮ್ಮ ಇನ್ನೂ ಕೈಮುಗಿದೇ ಇದ್ದಳು, ಆ ಕೈ ನಡುಗುತ್ತಿತ್ತು, ಹಣೆ ಬೆವೆತಿತ್ತು.

"ಬೆಳಿಗ್ಗೆ ಇನ್ಸುಲಿನ್ ಹಾಕ್ಕೊಂಡ್ರಾ?"

"ಹೂಂ."

"ತಿಂಡಿ?"

"ಹೆಸ್ರು ಹಾಕಿದ್ ಮೇಲೆ ತಿಂಡಿ ಇಲ್ಲೇ ಅಲ್ವೇನೇ..." ಎನ್ನುತ್ತಲೇ ಕುಸಿದಳು.

ಅಕ್ಷತಾ ಅವಳನ್ನು ಹಿಡಿದು ಕೂರಿಸಿದಳು. "ಕ್ಯಾಂಟೀನಿಂದ ಸಕ್ಕರೆ ನೀರು ತನ್ನಿ ಮಾವ, ಓಡಿ! ಪುಟ್ಟಸ್ವಾಮಣ್ಣ, ಎಲ್ಲರನ್ನೂ ಗೇಟಿನ ಆಚೆ ಸಾಲಾಗಿ ನಿಲ್ಲಿಸಿ. ಬಾಗಿಲಲ್ಲಿ ಒಬ್ಬರೂ ಇರಬಾರದು." ಎಲ್ಲರೂ ಗೇಟಿನ ಕಡೆ ಸರಿದರು. ನಾನು ಕ್ಯಾಂಟೀನಿಗೆ ಓಡಿದೆ. ಮೇಟ್ರನ್ ರಕ್ತ ಪರೀಕ್ಷೆಯ ಮಿಷನ್ ತರಿಸಿದರು. ಅಕ್ಷತಾ ಬೆರಳು ಚುಚ್ಚಿ ನೋಡಿದಳು, ಗುಟುಕು ಗುಟುಕಾಗಿ ನೀರು ಕುಡಿಸಿದಳು, ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದಳು. ವಿಶಾಲಮ್ಮ ಚೇತರಿಸಿಕೊಂಡು ಪುಟ್ಟಸ್ವಾಮಿಯ ಕಾಯಿಲೆಯನ್ನು ಬೈಯಲು ಶುರು ಮಾಡಿದ ಮೇಲೇ ಪಕ್ಕದಿಂದ ಎದ್ದಳು.

"ಸೋಮವಾರ ಬಂದು ಸೇರ್ಕೋ" ಎಂದರು ಮೇಟ್ರನ್. "ಇವರು ಯಾರೂ ಬರಕೂಡದು. ನಿಮ್ಮ ಮಾವ ಮೊದಲು."

ಹೊರಗೆ ಇಪ್ಪತ್ಮೂರು ಜನವೂ ಟೆಂಪೋ ಹತ್ತಿ ಅಕ್ಷತಾಳಿಗೆ ಮುಂದಿನ ಸೀಟು ಬಿಟ್ಟುಕೊಟ್ಟರು.

"ನೀವು ಹೋಗಿ ಮಾವ, ನಾನು ಬಸ್ಸಿಗೆ ಬರ್ತೀನಿ" ಎಂದಳು.