ಹೆಸರಿನ ಮುಂದಿನ ಎರಡಕ್ಷರ

ಬಾತುಕೋಳಿಯ ಗರಿಯಿಂದ ಪುಸ್ತಕದ ಹೊಲಿಗೆಯ ಸಂದನ್ನು ಗುಡಿಸುತ್ತಿದ್ದೆ. ನಮ್ಮ ಯೆಹೂದಿಗಳ ಪೆಸಹ ಹಬ್ಬ ಹತ್ತಿರ ಬಂದಿತ್ತು. ಹುದುಗಿದ ಹಿಟ್ಟಿನ ಒಂದು ಚೂರೂ ಮನೆಯಲ್ಲಿ ಉಳಿಯಬಾರದು, ಸಿಕ್ಕಿದ್ದನ್ನೆಲ್ಲ ಡಬ್ಬದಲ್ಲಿ ಕೂಡಿಸಿ ಸುಡಬೇಕು. ನನ್ನ ಗಂಡ ಶಬ್ತಾಯಿಗೋ ಓದುವಾಗ ಬಾಯಾಡಿಸುತ್ತಿರಬೇಕು. ಗರಿ ಎಳೆದಲ್ಲೆಲ್ಲ ಎಳ್ಳು ಮೆತ್ತಿದ ಬಿಸ್ಕೊಚೊ ಬಿಸ್ಕತ್ತಿನ ಪುಡಿ ಉದುರಿತು. ಅವರು ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ಪುಡಿಯನ್ನು ಅಂಗೈಯಲ್ಲಿ ಹಿಡಿದು ನಿಂತೆ.

ಪಕ್ಕದ ಮಹಡಿಯಲ್ಲಿ ಹಾಸಿಗೆ ಕೊಡವುತ್ತಿದ್ದ ಸಿಮ್ಹಾ ಕೂಗಿದಳು: "ರೇನಕ್ಕಾ, ಅದನ್ನೂ ಎತ್ತಿಡ್ತೀಯಾ? ಸುಡೋ ಡಬ್ಬಕ್ಕೆ ಹಾಕು. ಪುಸ್ತಕದಲ್ಲಿ ಬರೆದಿರೋದೂ ಅದೇ ಕಣೇ!"

ಹಾಕಿದೆ.

ಸಲೋನಿಕಾ ಪಟ್ಟಣದಲ್ಲಿ ಅಚ್ಚಾದ ಧರ್ಮಶಾಸ್ತ್ರ ಆ ಪುಸ್ತಕ, ನಾನೂರೈವತ್ತು ವರ್ಷ ಹಳೆಯದು. ಆದರೆ ಅರ್ಧ ಮಾತ್ರ. ಯಾವ ಕಾಲದಲ್ಲೋ ಎರಡಾಗಿ ಹರಿದಿತ್ತು. ಆ ಕಾಲದ ಅಚ್ಚಿನವರು ಪುಟದ ಅಡಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಹಾಕುತ್ತಿದ್ದರು. ನಮ್ಮ ಅರ್ಧದ ಕೊನೆಯಲ್ಲಿ 'ಆದರೆ' ಎಂದಿತ್ತು. ದೂರದ ಇಜ್ಮಿರಿನಲ್ಲಿ ಮೋಶೋನ್ ಅಲ್ಜ಼್ರಾಕಿ ಎಂಬುವರ ಬಳಿ 'ಆದರೆ' ಎಂದು ಶುರುವಾಗುವ ಅರ್ಧ ಇದೆಯೆಂದು ತಿಳಿದಾಗ ಶಬ್ತಾಯಿ ಕನ್ನಡಕದಂಗಡಿಗೆ ಬೀಗ ಹಾಕಿ ಓಡಿಬಂದಿದ್ದರು. ಹುಳು ಕೊರೆದ ತೂತೂ ಎರಡರಲ್ಲೂ ಒಂದೇ ಜಾಗದಲ್ಲಿತ್ತಂತೆ. ಯಾರೂ ತಮ್ಮದನ್ನು ಬಿಟ್ಟುಕೊಡಲಿಲ್ಲ. ಮೊದಲು ಹೋದವನ ಅರ್ಧ ಉಳಿದವನಿಗೆ ಎಂದು ಮಾತಾಯಿತು. ಮುಖ ನೋಡದೆಯೇ ಇಬ್ಬರೂ ಇಪ್ಪತ್ತು ವರ್ಷ ಕಾಗದದಲ್ಲಿ ಜಗಳವಾಡಿಕೊಂಡು ಗೆಳೆಯರಾಗಿದ್ದರು.

ಮೋಶೋನರಿಗೆ ನಾನು ಇನ್ನೂ ತಿಳಿಸಿರಲಿಲ್ಲ. ನಮ್ಮಲ್ಲಿ ಬದುಕಿರುವವರ ಹೆಸರಿನ ಮುಂದೆ ಎರಡಕ್ಷರ ಬರೆಯುತ್ತಾರೆ, ದೀಪ ಬೆಳಗಲಿ ಎಂದು. ತೀರಿಕೊಂಡವರಿಗೆ ಬೇರೆ ಎರಡಕ್ಷರ, ನೆನಪು ಹರಸಲಿ ಎಂದು. ಮೋಶೋನರ ಕಾಗದಗಳು ಬರುತ್ತಲೇ ಇದ್ದವು, ಶಬ್ತಾಯಿಯ ಹೆಸರಿನ ಮುಂದೆ ದೀಪ ಇಟ್ಟುಕೊಂಡು. ಇಡೀ ಲೋಕದಲ್ಲಿ ಆ ಒಂದು ಮನೆಯಲ್ಲಿ ಅವರು ಇನ್ನೂ ಇದ್ದರು. ಬರೆಯಲು ಕೂತಾಗಲೆಲ್ಲ ಆ ಎರಡಕ್ಷರದ ಹತ್ತಿರ ನನ್ನ ಪೆನ್ನು ನಿಂತುಬಿಡುತ್ತಿತ್ತು.

ಆ ಮಧ್ಯಾಹ್ನ ಇನ್ನೊಂದು ಕಾರ್ಡು ಬಂತು. ನನಗೆ ಓದುವುದು ಬರುತ್ತದೆ. ಅರವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಕಲಿತದ್ದು. ಆದರೂ ಸಿಮ್ಹಾಳ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು: "ಶಬ್ತಾಯಿ, ನಿನ್ನ ದೀಪ ಬೆಳಗಲಿ. ಯಾಕಪ್ಪಾ ಮುನಿಸು? ಕತ್ತೆ ಅಂದಿದ್ದೆ, ಹೌದು. ತಮಾಷೆಗೆ ಅಂದಿದ್ದು. ನನ್ನ ಕಣ್ಣು ಹೋಗ್ತಾ ಇದೆ. ಕ್ಷಮಿಸಿದೀನಿ ಅಂತ ಒಂದು ಗೆರೆ ಬರಿ."

ಸಿಮ್ಹಾ ಕಾರ್ಡನ್ನು ಮೇಜಿನ ಮೇಲೆ ಕುಕ್ಕಿದಳು. "ನೋಡಿದ್ಯಾ! ಆ ಮುದುಕ ಅಲ್ಲಿ ಸುಮ್ಮಸುಮ್ಮನೆ ಕೊರಗ್ತಾ ಇದಾನೆ. ಸತ್ತೋರಿಗೆಲ್ಲಿದ್ಯೇ ಮುನಿಸು? ಬರಿ ಈಗಲೇ. ನಾನು ಕಾಫಿ ಮಾಡ್ತೀನಿ."

ಬರೆದೆ. ನನ್ನ ಅಕ್ಷರ ದಪ್ಪ. ಹಾಳೆ ಬೇಗ ತುಂಬಿತು. ಸಿಮ್ಹಾ ಹೆಗಲ ಮೇಲಿಂದ ಬಗ್ಗಿ ನೋಡಿ ಚೀರಿದಳು.

"ಥೂ ಥೂ ಥೂ! ಅಕ್ಕಾ, ನಿನ್ ಗಂಡನಿಗೆ ದೀಪ ಹಚ್ಚಿದೀಯಾ, ಬದುಕಿರೋ ಮುದುಕನ್ನ ಮಣ್ಣು ಮಾಡಿದೀಯಾ! ಇದು ಕೈಗೆ ಬಂದ್ರೆ ಅವನು ಅಲ್ಲೇ ಗೊಟಕ್ ಅಂತಾನೆ!"

ಎರಡಕ್ಷರ ಅದಲುಬದಲಾಗಿತ್ತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗುತ್ತಿದ್ದವಳು ಯಾವಾಗ ಅಳತೊಡಗಿದೆನೋ ಗೊತ್ತಾಗಲಿಲ್ಲ. ಸಿಮ್ಹಾ ಹಾಳೆ ಹರಿದು, ಹೊಸದೊಂದನ್ನು ನನ್ನ ಮುಂದೆ ಸರಿಸಿದಳು.

ಮೋಶೋನ್, ನಿಮ್ಮ ದೀಪ ಬೆಳಗಲಿ. ಅವರಿಗೆ ನಿಮ್ಮ ಮೇಲೆ ಮುನಿಸಿರಲಿಲ್ಲ. ನಿಮ್ಮನ್ನೂ ಕತ್ತೆ ಎಂದೇ ಕರೆಯುತ್ತಿದ್ದರು, ಪ್ರೀತಿಯಿಂದ. ನಮ್ಮ ಅರ್ಧ ಇನ್ನು ನಿಮ್ಮದು. ಹಬ್ಬ ಕಳೆದ ಮೇಲೆ ಕಳಿಸುತ್ತೇನೆ. ಕಣ್ಣಿರುವಾಗಲೇ ಓದಿ.

ಆಮೇಲೆ ಶಬ್ತಾಯಿಯ ಹೆಸರು ಬರೆದೆ. ಅದರ ಮುಂದೆ ನೆನಪಿನ ಆ ಎರಡಕ್ಷರವನ್ನು, ಮಗು ತಿದ್ದುವ ಹಾಗೆ, ನಿಧಾನವಾಗಿ ಬರೆದೆ.

ಅಂಚೆ ಕಚೇರಿ ಮುಚ್ಚುವ ಹೊತ್ತಾಗಿತ್ತು. ಒಳಗಿದ್ದವನು ಲಕೋಟೆ ತಿರುಗಿಸಿ, "ಇಜ್ಮಿರಾ? ತಡ ಆಗುತ್ತಮ್ಮಾ," ಎಂದ.

"ಆಗಲೇ ಆಗಿದೆಯಪ್ಪಾ," ಎಂದೆ. "ಕಳಿಸು."

ಅವನು ಮುದ್ರೆ ಒತ್ತಿ ಚೀಲಕ್ಕೆ ಹಾಕಿದ.