ಅತ್ತಿತೇ ಎಂಬ ಕಾಲಂ

ಇಪ್ಪತ್ತೇಳು ವರ್ಷದ ಹಿಂದೆ ಒಂದು ಹೆರಿಗೆ ಆಸ್ಪತ್ರೆಗೆಂದು ನಾನೇ ಬರೆದ ಕಂಪ್ಯೂಟರ್ ಪ್ರೋಗ್ರಾಂ ಮತ್ತೆ ನನ್ನ ಮೇಜಿನ ಮೇಲೆ ಬಂದು ಕೂತಾಗ ನನಗೆ ಬಂದದ್ದು ಹೆಮ್ಮೆಯಲ್ಲ, ಸಿಟ್ಟು. ಹಳೇ ಡಬ್ಬಗಳನ್ನು ಹೊತ್ತು ತರುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ತಂದವರು ಹರಿಹರದ ಗುಲ್ಷನ್, ಐವತ್ತು ದಾಟಿದ ಹೆಂಗಸು. ಅವರ ಹೆರಿಗೆಯಾದ ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲವಾಗಿತ್ತು, ಡಾಕ್ಟರೂ ತೀರಿಕೊಂಡಿದ್ದರು. ಮನೆ ಖಾಲಿ ಮಾಡುವಾಗ ಡಾಕ್ಟರ ಹೆಂಡತಿ ಆಸ್ಪತ್ರೆಯ ಕಂಪ್ಯೂಟರನ್ನು ಇವರಿಗೆ ಕೊಟ್ಟು, ಅದರ ಮೇಲಿದ್ದ ನಿಟ್ಟುವಳ್ಳಿಯ ನನ್ನ ಕಂಪ್ಯೂಟರ್ ಅಂಗಡಿಯ ಚೀಟಿ ತೋರಿಸಿದ್ದರು. ಆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಬಂದಿದ್ದರು.

"ಕೂಡ್ರಿ. ಇದ್ರಾಗ ಏನು ಬೇಕು ನಿಮಗ?"

"ತೊಂಬತ್ತೆಂಟರಾಗ ನನಗೊಂದು ಗಂಡುಮಗು ಆತು, ಬಕ್ಕೇಶಣ್ಣಾರೆ. ಆಪರೇಷನ್. ನನಗ ಎಚ್ಚರ ಆಗೋದ್ರಾಗ ಮಣ್ಣು ಮಾಡಿ ಬಂದಿದ್ರು. ಹುಟ್ಟುವಾಗ್ಲೇ ಜೀವ ಇರ್ಲಿಲ್ಲ ಅಂದ್ರು ಮನ್ಯಾಗ. ಆಯಾ ಮಾತ್ರ, ಒಂದ್ಸಲ ಅತ್ತಂಗಾತು ಅಂದ್ಲು. ಅತ್ತಿದ್ರೆ ಹೆಸರಿಡಬೇಕಿತ್ತು, ನಮಾಜ್ ಮಾಡಿ ಕಳಿಸಬೇಕಿತ್ತು. ಏನೂ ಮಾಡ್ಲಿಲ್ಲ. ಅತ್ತಿತ್ತಾ, ಇಲ್ಲಾ? ಅಷ್ಟು ನೋಡಿ ಹೇಳ್ರಿ."

ಸಿಟ್ಟು ಎಲ್ಲಿ ಹೋಯಿತೋ. ಹುಟ್ಟಿದಾಗ ಅತ್ತಿತೇ ಎಂಬ ಕಾಲಂ ಆ ಪ್ರೋಗ್ರಾಮಿನಲ್ಲಿ ಇತ್ತು.

ಪುಣ್ಯಕ್ಕೆ ಹಳೇ ಹಾರ್ಡ್ ಡಿಸ್ಕಿನಿಂದ ಫೈಲುಗಳು ಬಂದವು. ಹೊಸ ಕಂಪ್ಯೂಟರ್ ಮಾತ್ರ, ಇದು ನನ್ನಲ್ಲಿ ನಡೆಯುವುದಿಲ್ಲ ಎಂದು ಖಡಾಖಂಡಿತ ಹೇಳಿತು. ಫೈಲನ್ನು ನೇರವಾಗಿ ತೆರೆದರೆ ಬರೀ ಗೀಚುಗೀಚು. ಯಾರೂ ಕದಿಯಬಾರದೆಂದು ಆಗ ನಾನೇ ಬೀಗ ಹಾಕಿದ್ದೆ, ಜಾಣ. ಆ ಕಾಲದ ಕಂಪ್ಯೂಟರುಗಳಲ್ಲಿದ್ದ ಡಾಸ್‌ನಂತೆ ನಟಿಸುವ ಇನ್ನೊಂದು ಪ್ರೋಗ್ರಾಂ ಒಳಗೆ ಅದನ್ನು ಕೂರಿಸಿದೆ. ತೆರೆದ ಕೂಡಲೇ ಬಿದ್ದುಹೋಯಿತು. ಈಗಿನ ಯಂತ್ರದ ವೇಗವನ್ನು ಅದು ತಡೆದುಕೊಳ್ಳುವುದಿಲ್ಲ. ಮಧ್ಯಾಹ್ನದವರೆಗೆ ವೇಗ ಇಳಿಸುತ್ತಾ ಹೋದೆ. ಗುಲ್ಷನ್ ಚಹಾ ಕೂಡ ಬೇಡವೆಂದು ಪರದೆಯನ್ನೇ ನೋಡುತ್ತ ಕೂತಿದ್ದರು. ಕೊನೆಗೂ ನನ್ನ ಪ್ರೋಗ್ರಾಮಿನ ನೀಲಿ ಪರದೆ ಬಂತು. ಖುಷಿಗೆ ನಾನು ಮೇಜು ಗುದ್ದಿದೆ.

ಗುಲ್ಷನ್ ಹೆಸರು ಸಿಕ್ಕಿತು. ಗಂಡು, ಎರಡೂಕಾಲು ಕೆಜಿ. ಹುಟ್ಟಿದಾಗ ಅತ್ತಿತೇ: ಹೌದು.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ತಾಯಿ ಮಗು ಇಬ್ಬರೂ ಕ್ಷೇಮ.

ಮಣ್ಣಾದ ಮಗುವಿಗೆ ಕ್ಷೇಮವೇ? ಆ ವರ್ಷದ ಎಂಟುನೂರಾ ಹನ್ನೆರಡು ಹೆರಿಗೆಗಳಲ್ಲಿ 'ಇಲ್ಲ' ಎಂದಿರುವುದನ್ನು ಹುಡುಕಿದೆ. ಒಂದೂ ಇರಲಿಲ್ಲ. ಆಗ ನೆನಪಾಯಿತು. ಅಷ್ಟೊಂದು ಕಾಲಂ ತುಂಬಲು ಆಗುವುದಿಲ್ಲ ಎಂದು ನರ್ಸು ಗೊಣಗಿದ್ದಕ್ಕೆ ಉತ್ತರಗಳನ್ನು ನಾನೇ ಮೊದಲೇ ತುಂಬಿಟ್ಟಿದ್ದೆ. ಆಕೆ ಸುಮ್ಮನೆ ಎಂಟರ್ ಒತ್ತುತ್ತಾ ಹೋದರಾಯಿತು. ಹುಟ್ಟುವ ಕೂಸಿಗೆ ಮುಂಚೆಯೇ 'ಇಲ್ಲ' ಎಂದು ಬರೆದಿಡುವುದು ಅಪಶಕುನ ಅನ್ನಿಸಿ, ಎಲ್ಲ ಕಡೆ 'ಹೌದು', ಕೊನೆಗೆ 'ಕ್ಷೇಮ' ಎಂದು ಹಾಕಿದ್ದೆ.

"ಏನೈತ್ರಿ ಅಣ್ಣಾರೆ?"

ಸುಳ್ಳು ಹೇಳಿಬಿಡಲೇ ಅನ್ನಿಸಿತು. ಯಾವ ಸುಳ್ಳು ಹೇಳಿದರೆ ಅವರಿಗೆ ಒಳ್ಳೆಯದೆಂದೂ ತಿಳಿಯಲಿಲ್ಲ.

"ಹೌದು ಅಂತ ಐತೆ," ಅಂದೆ. "ಆದ್ರ ಅದನ್ನ ಬರೆದೋನು ನಾನು."

ಗುಲ್ಷನ್ ಕುರ್ಚಿಯ ತುದಿಗೆ ಸರಿದರು. ಬೆಳಗಿನಿಂದ ಮೊದಲ ಸಲ ಅವರ ಮುಖ ಅರಳಿತ್ತು.

"ಹಂಗಾದ್ರ ನೀವು ಅಲ್ಲೇ ಇದ್ರೇನ್ರಿ? ಅದು ಅತ್ತದ್ದು ಕೇಳಿದ್ರೇನ್ರಿ?"

ಅಂದು ಬರೆಯಲಾಗದ 'ಇಲ್ಲ' ಇಂದೂ ನನ್ನ ಬಾಯಿಗೆ ಬರಲಿಲ್ಲ.